ಮಾಂಟ್ ಕಿಯಾರಾದ ಸ್ಪೇನ್ ನೌಕಾಪಡೆ

ವೇದಾ ಕ್ವಾಲಾಲಂಪುರದ ಮಾಂಟ್ ಕಿಯಾರಾದಲ್ಲಿ ಒಂದು ಇಂಟರ್‌ನ್ಯಾಷನಲ್ ಶಾಲೆಯ ಇತಿಹಾಸದ ಟೀಚರ್. 2021ರ ಜೂನ್‌ನಲ್ಲಿ ಮಲೇಷ್ಯಾ ಮತ್ತೆ ಬಂದ್ ಆದಾಗ ಅವಳ ತರಗತಿ ಊಟದ ಮೇಜಿಗೆ ಬಂತು. ಮೇಜಿನ ಇನ್ನೊಂದು ತುದಿಯಲ್ಲಿ ಗಂಡ ಸೂರ್ಯನಾರಾಯಣ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದ.

ಆ ವಾರದ ಪಾಠ ಅಮೆರಿಕದ ಸ್ವಾತಂತ್ರ್ಯ ಯುದ್ಧ. ಪಠ್ಯಪುಸ್ತಕದಲ್ಲಿ ಫ್ರಾನ್ಸ್ ಕೊಟ್ಟ ನೆರವಿಗೆ ಒಂಬತ್ತು ಪುಟವಿತ್ತು. ಸ್ಪೇನಿಗೆ ಇದ್ದದ್ದು ಅರ್ಧ ಸಾಲು. ವೇದಾ ಅದನ್ನು ಓದಿ ಪುಟ ತಿರುಗಿಸುವಷ್ಟರಲ್ಲಿ ಲ್ಯಾಪ್‌ಟಾಪ್ ಪರದೆಯಲ್ಲಿ ಲೂಸಿಯಾ ಎಂಬ ವಿದ್ಯಾರ್ಥಿನಿಯ ಚೌಕದೊಳಗೆ ಬಿಳಿ ಮೀಸೆಯ ಮುದುಕರೊಬ್ಬರು ತಲೆ ತೂರಿಸಿದರು.

"ಸ್ಪೇನ್ ಮಾಡಿದ್ದು ಅಷ್ಟೇನಾ? ಐದು ನಿಮಿಷ ಕೊಡಿ, ಉಳಿದದ್ದನ್ನು ನಾನು ಹೇಳುತ್ತೇನೆ," ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅವರು ಲೂಸಿಯಾಳ ತಾತ ಅನ್ಸೆಲ್ಮೊ. ಸ್ಪೇನಿನ ಬಿಲ್ಬಾವೋ ಬಂದರಿನ ಕಚೇರಿಯಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದವರು. ಮೂರು ವಾರ ಇದ್ದು ಹೋಗೋಣವೆಂದು ಹಿಂದಿನ ವರ್ಷ ಮಗಳ ಮನೆಗೆ ಬಂದಿದ್ದರು. ವಿಮಾನ ನಾಲ್ಕು ಸಲ ರದ್ದಾದ ಮೇಲೆ ಕೇಳುವುದನ್ನೇ ಬಿಟ್ಟಿದ್ದರು. ಹದಿನಾರು ತಿಂಗಳಿಂದ ಮೊಮ್ಮಗಳ ಎಲ್ಲ ಪಾಠಗಳನ್ನೂ ಕ್ಯಾಮೆರಾದ ಆಚೆ ಕುಳಿತು ಕೇಳುತ್ತಿದ್ದರು. ಗಣಿತಕ್ಕೂ ಜೀವಶಾಸ್ತ್ರಕ್ಕೂ ತಕರಾರು ಮಾಡಿದವರಲ್ಲ.

ವೇದಾ ಅಂದು ಸಂಜೆ ಗ್ರಂಥಾಲಯದ ಜಾಲತಾಣದಲ್ಲಿ ಹುಡುಕಿ ಓದಿದಳು.

"ಅವ್ರು ಹೇಳೋದು ನಿಜ ಕಣ್ರೀ," ಎಂದಳು ಗಂಡನಿಗೆ. "ಸ್ಪೇನ್‌ನವ್ರು ಗನ್‌ಪೌಡರ್ ಕಳ್ಸಿದಾರೆ, ಕಂಬಳಿ ಕಳ್ಸಿದಾರೆ. ಗಾಲ್ವೆಸ್ ಅಂತ ಒಬ್ಬ ಗವರ್ನರ್, ಬ್ರಿಟಿಷರ ಕೋಟೆಗಳನ್ನ ಒಂದಾದ್ಮೇಲೊಂದು ಹಿಡ್ಕೊಂಡಿದಾನೆ. ನಂಗೇ ಗೊತ್ತಿರ್ಲಿಲ್ಲ."

"ಹಾಗಾದ್ರೆ ಐದು ನಿಮಿಷ ಮಾತಾಡೋಕೆ ಬಿಟ್ಬಿಡು. ಪಾಪ, ಮನೇಲಿ ಕೂತು ಕೂತು ಬೋರ್ ಆಗಿರುತ್ತೆ."

ಐದು ನಿಮಿಷ ಸೋಮವಾರ ಶುರುವಾಗಿ ಗುರುವಾರದವರೆಗೆ ನಡೆಯಿತು. ಸ್ಪೇನ್ ತನ್ನ ಲಾಭಕ್ಕೇ ಯುದ್ಧಕ್ಕೆ ಇಳಿದದ್ದಲ್ಲವೇ ಎಂದು ವೇದಾ ಕೇಳಿದಳು. "ಫ್ರಾನ್ಸ್ ಏನು ಪುಣ್ಯಕ್ಕೆ ಬಂದಿತ್ತೇ? ಅದಕ್ಕೆ ಒಂಬತ್ತು ಪುಟ ಸಿಕ್ಕಿದೆ," ಎಂದರು ಅನ್ಸೆಲ್ಮೊ.

ಗುರುವಾರ, ಅಮೆರಿಕದಲ್ಲಿ ಬ್ರಿಟಿಷರ ವಶದಲ್ಲಿದ್ದ ಪೆನ್ಸಕೋಲಾ ಬಂದರಿನ ಸರದಿ ಬಂತು. ಕೊಲ್ಲಿಯ ಬಾಯಲ್ಲಿ ಮರಳದಿಬ್ಬ, ಎದುರಿಗೆ ಬ್ರಿಟಿಷರ ಫಿರಂಗಿ. ಸ್ಪೇನ್ ನೌಕಾಪಡೆಯ ಅಧಿಕಾರಿ ಒಳಗೆ ಹೋಗುವುದಿಲ್ಲವೆಂದು ಹಟ ಹಿಡಿದ. ಗಾಲ್ವೆಸ್ ತನ್ನ ಪುಟ್ಟ ಹಡಗನ್ನು ಮುಂದೆ ಬಿಟ್ಟುಕೊಂಡು ಗುಂಡುಗಳ ನಡುವೆಯೇ ನುಗ್ಗಿದ. ಮರುದಿನ ಉಳಿದವರು ಹಿಂದೆಯೇ ಬಂದರು. ಸ್ಪೇನಿನ ರಾಜ ಅವನ ಲಾಂಛನದಲ್ಲಿ "ಯೋ ಸೋಲೋ", ಅಂದರೆ "ನಾನೊಬ್ಬನೇ" ಎಂದು ಬರೆಸಿದ.

"ಇದು ಬಾಯಿಮಾತಿನಲ್ಲಿ ಅರ್ಥವಾಗುವುದಿಲ್ಲ. ನಾಳೆ ಪ್ರಾಕ್ಟಿಕಲ್," ಎಂದರು ಅನ್ಸೆಲ್ಮೊ. ವೇದಾ ಅದನ್ನು ತಮಾಷೆ ಎಂದುಕೊಂಡಳು.

ಶುಕ್ರವಾರ ಹತ್ತೂವರೆಗೆ ಲೂಸಿಯಾಳ ಚೌಕದಲ್ಲಿ ಅಪಾರ್ಟ್‌ಮೆಂಟಿನ ಈಜುಕೊಳ ಕಾಣಿಸಿತು. ವೇದಾ, ಲೂಸಿಯಾ ಇಬ್ಬರೂ ಅದೇ ಕಾಂಡೋಮಿನಿಯಂನಲ್ಲಿದ್ದರು. ವೇದಾ ಲ್ಯಾಪ್‌ಟಾಪ್ ಎತ್ತಿಕೊಂಡು ಬಾಲ್ಕನಿಗೆ ಓಡಿದಳು. ಕೆಳಗೆ, ಕೆಂಪು ಬಿಳಿ ಪಟ್ಟಿ ಸುತ್ತಿ ಮುಚ್ಚಿದ್ದ ಕೊಳದ ನಟ್ಟನಡುವೆ, ಗಾಳಿ ತುಂಬಿದ ಗುಲಾಬಿ ಬಣ್ಣದ ರಬ್ಬರ್ ಕೊಕ್ಕರೆಯ ಮೇಲೆ ಅನ್ಸೆಲ್ಮೊ ಕುಳಿತಿದ್ದರು. ಸೂಟು, ಟೈ, ಮೂಗಿನ ಮೇಲೆ ಮಾಸ್ಕ್. ಕೈಯಲ್ಲಿ ಹುಟ್ಟಿನ ಬದಲು ಪೊರಕೆ. ಮೊದಲ ಮಹಡಿಯ ಬಾಲ್ಕನಿಯಲ್ಲಿ ಬ್ರಿಟಿಷರಾಗಿ ನೇಮಕಗೊಂಡಿದ್ದ, ಅಲ್ಲೇ ವಾಸವಿದ್ದ ಲೂಸಿಯಾಳ ಇಬ್ಬರು ಸಹಪಾಠಿಗಳು ನೀರು ತುಂಬಿದ ಬಲೂನು ಎಸೆಯುತ್ತಿದ್ದರು.

ಕಾಂಡೋ ಸಮಿತಿಯ ಕಾರ್ಯದರ್ಶಿ ರಮಾನಂದ ಮಂಗಳೂರಿನವರು, ನಿಯಮ ಎಂದರೆ ಪ್ರಾಣ ಬಿಡುವವರು. ಅವರು ಮಾಸ್ಕಿನ ಮೇಲೆ ಫೇಸ್ ಶೀಲ್ಡ್ ಧರಿಸಿ ಓಡಿಬಂದರು.

"ಸರ್, ಈಜುವುದು ನಿಷೇಧ," ಎಂದು ಇಂಗ್ಲಿಷಿನಲ್ಲಿ ಕೂಗಿದರು.

"ನಾನು ಈಜುತ್ತಿಲ್ಲ. ನೌಕಾಯಾನ ಮಾಡುತ್ತಿದ್ದೇನೆ."

ರಮಾನಂದ ಗೋಡೆಯ ಮೇಲಿನ ನೋಟಿಸನ್ನು ಎರಡು ಸಲ ಓದಿದರು. ಈಜು, ಸ್ನಾನ, ಗುಂಪು ಸೇರುವುದು ನಿಷೇಧ ಎಂದಿತ್ತು. ನೌಕಾಯಾನದ ಮಾತಿರಲಿಲ್ಲ. ಒಬ್ಬರೇ ಇದ್ದುದರಿಂದ ಗುಂಪೂ ಆಗಲಿಲ್ಲ. ಹಿಡಿದು ತರಲು ಗಾರ್ಡ್ ನೀರಿಗಿಳಿದರೆ ಅವನೇ ನಿಯಮ ಮುರಿದಂತೆ. ಅವರು ವೇದಾಳಿಗೆ ಫೋನ್ ಮಾಡಿದರು.

"ಎಂತ ಮೇಡಂ ಇದು? ನಿಮ್ಮ ಕ್ಲಾಸಂತೆ."

"ಹೌದು ಸರ್. ಪೆನ್ಸಕೋಲಾ ಮುತ್ತಿಗೆ."

"ಮುತ್ತಿಗೆಗೆ ಪರ್ಮಿಶನ್ ಉಂಟಾ?"

ಅಷ್ಟರಲ್ಲಿ ಬಾಲ್ಕನಿಗಳೆಲ್ಲ ತುಂಬಿದ್ದವು. ತಿಂಗಳುಗಟ್ಟಲೆ ಮುಖ ನೋಡದವರು ಆಚೀಚೆ ಕೈಬೀಸಿದರು. ಯಾರೋ ಪಾತ್ರೆ ಬಡಿದರು. ಆಗ ಕೊಕ್ಕರೆಯ ಕತ್ತು ನಿಧಾನವಾಗಿ ಬಾಗತೊಡಗಿತು. ಎಲ್ಲೋ ಗಾಳಿ ಹೋಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಲೂಸಿಯಾ ಸಣ್ಣ ದನಿಯಲ್ಲಿ, "ಮಿಸ್, ತಾತನಿಗೆ ಈಜು ಬರಲ್ಲ," ಎಂದಳು.

"ರಮಾನಂದ ಸರ್, ಅವ್ರಿಗೆ ಈಜು ಬರಲ್ವಂತೆ," ಎಂದು ವೇದಾ ಫೋನಿಗೆ ಕಿರುಚಿದಳು.

ರಮಾನಂದ ಯೋಚಿಸಲಿಲ್ಲ. ಫೇಸ್ ಶೀಲ್ಡ್, ಬೂಟು, ಕೈಯಲ್ಲಿದ್ದ ಮೊಬೈಲ್ ಸಮೇತ ಹಾರಿದರು. ನೀರು ಎದೆಯವರೆಗೆ ಮಾತ್ರ ಇತ್ತು. ಮುಳುಗಿದ ಕೊಕ್ಕರೆಯ ಪಕ್ಕದಲ್ಲಿ ಅನ್ಸೆಲ್ಮೊ ಆಗಲೇ ನೆಟ್ಟಗೆ ಎದ್ದು ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ಒಂದು ಮೀಟರ್ ದೂರ ಸರಿದರು. ಮೇಲಿಂದ ಚಪ್ಪಾಳೆ ನಿಲ್ಲಲೇ ಇಲ್ಲ.

ಸಂಜೆ ರಮಾನಂದ ತಮ್ಮ ಮೇಲೆಯೇ ನೋಟಿಸ್ ಹೊರಡಿಸಿಕೊಂಡರು: ಮುಚ್ಚಿದ ಕೊಳಕ್ಕೆ ಅನುಮತಿಯಿಲ್ಲದೆ ಇಳಿದದ್ದಕ್ಕೆ ಮೂರು ದಿನದೊಳಗೆ ಉತ್ತರಿಸತಕ್ಕದ್ದು. ಉತ್ತರ ಬರೆಯಲು ಅವರಿಗೆ ಕಾರಣ ಬೇಕಿತ್ತು. ಕಾರಣ ಹುಡುಕುತ್ತಾ ಸ್ಪೇನ್ ಚರಿತ್ರೆಯ ಬೆನ್ನು ಹತ್ತಿದರು.

"ಮೇಡಂ, ಆ ಜನಕ್ಕೆ ಅನ್ಯಾಯ ಆಗಿದೆ ಮಾರಾಯ್ರೆ," ಎಂದರು ಮೂರನೇ ದಿನ ಫೋನಿನಲ್ಲಿ. "ನಾನು ಹನ್ನೆರಡು ಪುಟ ಬರ್ದಿದ್ದೇನೆ. ಒಮ್ಮೆ ಸ್ಪೆಲ್ಲಿಂಗ್ ನೋಡ್ತೀರಾ?"

ಸಮಿತಿಯ ವಿಚಾರಣೆ ಝೂಮ್‌ನಲ್ಲಿ ನಡೆಯಿತು. ಅಧ್ಯಕ್ಷರು ಟೆಕ್ಸಾಸಿನವರು, ತೈಲ ಕಂಪನಿಯಲ್ಲಿದ್ದವರು. ರಮಾನಂದ ಹನ್ನೆರಡು ಪುಟವನ್ನೂ ಬಿಡದೆ ಓದಿದರು. ಏಳನೇ ಪುಟದಲ್ಲಿ, ಟೆಕ್ಸಾಸಿನ ಗ್ಯಾಲ್ವೆಸ್ಟನ್ ಊರಿಗೆ ಹೆಸರು ಬಂದದ್ದು ಈ ಗಾಲ್ವೆಸ್‌ನಿಂದಲೇ ಎಂಬ ಮಾತು ಬಂತು.

ಅಧ್ಯಕ್ಷರು ಕೈಯೆತ್ತಿ ನಿಲ್ಲಿಸಿದರು. "ನಾನು ಹುಟ್ಟಿದ್ದು ಗ್ಯಾಲ್ವೆಸ್ಟನ್‌ನಲ್ಲಿ," ಎಂದರು. "ಐವತ್ತೆಂಟು ವರ್ಷ. ಯಾರೂ ಹೇಳಲಿಲ್ಲ."

ಸದಸ್ಯರೊಬ್ಬರ ಮನೆಯಲ್ಲಿ ಮಿಕ್ಸಿ ತಿರುಗಿ ನಿಂತಿತು. ಬಳಿಕ ಕೊನೆಯ ನಿರ್ಣಯವಾಗಿ ಹೀಗೆ ದಾಖಲಾಯಿತು: ಅಮೆರಿಕದ ಸ್ವಾತಂತ್ರ್ಯಕ್ಕೆ ಸ್ಪೇನ್ ನೀಡಿದ ನೆರವನ್ನು ಈ ಸಮಿತಿ ಗುರುತಿಸುತ್ತದೆ, ಇನ್ನು ಮುಂದೆ ಕೊಳದಲ್ಲಿ ನೌಕಾಯಾನವನ್ನೂ ನಿಷೇಧಿಸಲಾಗಿದೆ, ಕಾರ್ಯದರ್ಶಿಯ ಮೇಲಿನ ನೋಟಿಸ್ ಹಿಂಪಡೆಯಲಾಗಿದೆ.

ನಿರ್ಣಯದ ಪ್ರತಿಗೆ ಸಮಿತಿಯ ಮೊಹರು ಬೇಕೆಂದು ಅನ್ಸೆಲ್ಮೊ ಪಟ್ಟುಹಿಡಿದರು. ರಮಾನಂದ ಮೂರು ಕಡೆ ಮೊಹರು ಒತ್ತಿ ಕೊಟ್ಟರು.

ಅಕ್ಟೋಬರಿನಲ್ಲಿ ಅನ್ಸೆಲ್ಮೊ ಅವರಿಗೆ ವಿಮಾನ ಸಿಕ್ಕಿತು. ಬೀಳ್ಕೊಡಲು ವೇದಾ ಗೇಟಿಗೆ ಇಳಿದು ಹೋದಳು. ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿದ್ದ ಮನುಷ್ಯ ಅವಳ ಭುಜದಷ್ಟೇ ಎತ್ತರವಿದ್ದರು. ಮೊಹರು ಬಿದ್ದ ಕಾಗದವನ್ನು ಪಾಸ್‌ಪೋರ್ಟಿನೊಳಗೆ ಮಡಚಿಟ್ಟುಕೊಂಡಿದ್ದರು.

"ಬಿಲ್ಬಾವೋದಲ್ಲಿ ಇದನ್ನು ಯಾರಿಗೆ ತೋರಿಸುತ್ತೀರಿ?" ಎಂದು ಕೇಳಿದಳು.

"ಯಾರಿಗೂ ಇಲ್ಲ," ಎಂದರು ಅವರು. "ಅಲ್ಲಿ ಗಾಲ್ವೆಸ್ ಯಾರೆಂದು ಯಾರಿಗೂ ಗೊತ್ತಿಲ್ಲ."

ಕಾರು ಬಂತು. ಅವರು ಹಿಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತರು. ತಿರುವಿನಲ್ಲಿ ಕಾರು ಮರೆಯಾಗುವವರೆಗೂ ವೇದಾ ಕೈಬೀಸಿದಳು. ಹನ್ನೊಂದು ಗಂಟೆಗೆ ಅವಳಿಗೆ ರಷ್ಯಾದ ಕ್ರಾಂತಿಯ ಪಾಠವಿತ್ತು. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದಳು.