ಹಗ್ಗ ದಾಟಿದ ಕುಂಟು

"ಯಾವನೋ ಅವನು ಕಲ್ಲು ಹೊಡೆದವನು?" ಎಂದು ದರ್ಜಿ ಹಿಂತಿರುಗಿ ಗದರಿದಾಗ, ಕೆರೆಯ ದಂಡೆಯ ಹಾದಿಯಲ್ಲಿ ಅವನ ಹಿಂದೆ ನರಪಿಳ್ಳೆಯೂ ಇರಲಿಲ್ಲ. ಎಡಗಾಲಿನ ಮೀನಖಂಡಕ್ಕೆ ಯಾರೋ ಗುರಿಯಿಟ್ಟು ಹೊಡೆದಂತಾಗಿತ್ತು. ಮರುಗಳಿಗೆಯೇ ಕಾಲು ತನ್ನದಲ್ಲವೆಂಬಂತೆ ಕುಸಿದಿತ್ತು. ಅವನ ಕೈಯಲ್ಲಿದ್ದ ಗಿಡ್ಡ ಹಗ್ಗದ ಇನ್ನೊಂದು ತುದಿ ಹಿಡಿದು ಪಕ್ಕದಲ್ಲಿ ಓಡುತ್ತಿದ್ದ ಭಾಮೈದ ಹುಟ್ಟುಗುರುಡ. ಅವನು ನಿಂತು, ತಲೆಯನ್ನು ತುಸು ವಾಲಿಸಿ ಆಲಿಸಿದ.

"ಯಾರೂ ಇಲ್ಲ ಭಾವ. ಕಲ್ಲು ಬಿದ್ದಿದ್ರೆ ಸದ್ದಾದ್ರೂ ಆಗ್ತಿತ್ತು. ನಿಮ್ಮೊಳಗೇ ಏನೋ ಹರೀತು ಅನ್ಸುತ್ತೆ."

"ಬಟ್ಟೆ ಹರಿದ ಹಾಗೆ ಹೇಳ್ತೀಯಲ್ಲೋ!"

"ನಿಮಗೆ ಅರ್ಥ ಆಗೋ ಹಾಗೆ ಹೇಳ್ಬೇಕಲ್ಲ."

ಪೂರ್ವಿಕರಾದ ಶಾಸ್ತ್ರಕಾರರು ಅಂಧಪಂಗುನ್ಯಾಯವೆಂದು ಒಂದನ್ನು ಹೇಳುತ್ತಾರೆ. ಕುರುಡನ ಹೆಗಲೇರಿ ಕುಳಿತ ಕುಂಟನು ದಾರಿ ತೋರಿದರೆ ಇಬ್ಬರೂ ಊರು ಸೇರುವರು; ಒಬ್ಬನ ಕಾಲು, ಇನ್ನೊಬ್ಬನ ಕಣ್ಣು. ಅಂದು ಬೆಳಿಗ್ಗೆ ಆ ನ್ಯಾಯವು ಅಕ್ಷರಶಃ ನಡೆಯಿತು. ಭಾಮೈದನ ಹೆಗಲಿಗೆ ಜೋತುಬಿದ್ದು, "ಎಡಕ್ಕೆ, ಮೆಟ್ಟಿಲು, ಇನ್ನೊಂದು" ಎನ್ನುತ್ತ ದರ್ಜಿ ಮನೆ ಸೇರಿದ. ಆದರೆ ಕುಂಟನು ತನ್ನ ಕುಂಟನ್ನು ಕುರುಡನಿಂದ ಮುಚ್ಚಿಟ್ಟರೆ ಏನಾಗುವುದೆಂಬುದನ್ನು ಆ ಹಿರಿಯರು ಹೇಳಲಿಲ್ಲ. ಅಂಥ ಪ್ರಸಂಗವೊಂದು ಬಂದೀತೆಂದು ಅವರಿಗೆ ತೋಚಿರಲಾರದು.

ದರ್ಜಿಯ ಮನೆಯ ಮುಂಗೋಣೆಯೇ ಅಂಗಡಿ. ಬೀದಿಗೆ ತೆರೆದ ಗಾಜಿನ ಕಿಟಕಿ, ಅದರಡಿಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರ, ಗೋಡೆಗೊರಗಿದ ಕತ್ತರಿಸುವ ಮೇಜು. ಕಿಟಕಿಯ ಬೆಳಕಿನಲ್ಲಿ ಕುಳಿತು ಹೆಂಡತಿ ಕಾಜಾ ಹೊಲಿದು ಗುಂಡಿ ಹಾಕುವಳು. ಅವಳ ತಮ್ಮನಾದ ಭಾಮೈದನಿಗೆ ಆಸ್ಪತ್ರೆಯೊಂದರಲ್ಲಿ ಟೆಲಿಫೋನಿಗೆ ಉತ್ತರಿಸುವ ಕೆಲಸ. ದಿನವಿಡೀ ಕುಳಿತಲ್ಲೇ ಕುಳಿತು ಪರರ ಸಂಕಟಗಳಿಗೆ ವಾರ್ಡಿನ ಸಂಖ್ಯೆ ಹೇಳಿ ಹೇಳಿ ಬೇಸತ್ತವನು, ಕೆಲವು ವರ್ಷಗಳ ಹಿಂದೆ ಒಮ್ಮೆ ಊಟದ ನಡುವೆ, "ಭಾವ, ನಂಗೆ ಒಂದ್ಸಲ ಜೋರಾಗಿ ಓಡ್ಬೇಕು. ಎಲ್ಲೂ ಡಿಕ್ಕಿ ಹೊಡೀದೆ," ಎಂದಿದ್ದ. ದರ್ಜಿ ಊಟ ಮುಗಿಸಿ ಅಂಗಡಿಗೆ ಹೋದ. ಕಾಲರಿಗೆ ಹಾಕುವ ಕ್ಯಾನ್ವಾಸನ್ನು ಮಡಚಿ, ಎರಡು ತುದಿಗೂ ಕೈ ತೂರುವಷ್ಟು ಕುಣಿಕೆ ಬಿಟ್ಟು, ಒಂದು ಗಿಡ್ಡ ಹಗ್ಗ ಹೊಲಿದುಕೊಟ್ಟ. ಮಾರನೆಯ ಬೆಳಗಿನಿಂದ ಇಬ್ಬರೂ ಓಡತೊಡಗಿದರು.

ಹಾಗೆ ಓಡುವುದೂ ಒಂದು ವಿದ್ಯೆಯೇ. ಹಗ್ಗ ಹಿಡಿದ ಎರಡು ಕೈಗಳೂ ಕೂಡಿಯೇ ತೂಗಬೇಕಾದುದರಿಂದ ಕಾಲುಗಳೂ ಜೋಡಿಯಾಗಿ ಬೀಳಬೇಕು. ಒಬ್ಬನ ಒಳಗಾಲಿನೊಡನೆ ಇನ್ನೊಬ್ಬನ ಒಳಗಾಲು, ಹೊರಗಾಲಿನೊಡನೆ ಹೊರಗಾಲು. ಕನ್ನಡಿಯ ಮುಂದೆ ನಿಂತಂತೆ. ವರ್ಷಗಳ ಅಭ್ಯಾಸದಿಂದ ಇವರಿಗೆ ಮಾತೇ ಬೇಡವಾಗಿತ್ತು. "ಹೊಂಡ", "ತಿರುವು", "ಏರು" ಎಂಬಷ್ಟೇ ಸಾಕು. ಆ ವರ್ಷ ನಗರದ ದೊಡ್ಡ ಓಟಕ್ಕೆ ಭಾಮೈದ ಮೊದಲ ಬಾರಿಗೆ ಹೆಸರು ಕೊಟ್ಟಿದ್ದ. ಹಗ್ಗ ಹಿಡಿಯುವ ಜೊತೆಗಾರನಿಲ್ಲದ ಕುರುಡನಿಗೆ ಅಲ್ಲಿ ಪ್ರವೇಶವಿಲ್ಲ. ಹೀಗಿರಲಾಗಿ ಮೀನಖಂಡ ಹರಿದಿತ್ತು.

ಫಿಸಿಯೋ ಎಂಬ ಅಂಗಮರ್ದನದ ವೈದ್ಯೆ ಕಾಲನ್ನು ಒತ್ತಿ ನೋಡಿ ಅಪ್ಪಣೆ ಮಾಡಿದಳು. ಮೊದಲು ವಿಶ್ರಾಂತಿ, ನೋವಿಳಿದ ಮೇಲೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಮೇಲೆತ್ತಿ ಇಳಿಸುವುದು, ಏನನ್ನೂ ಹಿಡಿಯದೆ ಎಡಗಾಲೊಂದರಲ್ಲೇ ಅದು ನೋವಿಲ್ಲದೆ ಸಾಗಿದ ದಿನ ಓಟ.

"ಎಷ್ಟು ದಿನ ಆಗುತ್ತೆ ಮೇಡಂ?"

"ಅದನ್ನ ನನ್ನ ಕೇಳ್ಬೇಡಿ, ಕಾಲನ್ನ ಕೇಳಿ. ಅದು ಸುಳ್ಳು ಹೇಳಲ್ಲ. ನೀವು ಹೇಳ್ತೀರಿ."

ನೋವಿಗಿಂತ ದಣಿಸಿದ್ದು ಆ ಕಾಯುವಿಕೆ. ಯಂತ್ರ ತುಳಿಯುವಂತಿಲ್ಲವಾಗಿ, ಕತ್ತರಿಸಿದ ಬಟ್ಟೆಗಳು ಮೇಜಿನ ಮೇಲೆ ತೋಳು ಬೇರೆ ಬೆನ್ನು ಬೇರೆಯಾಗಿ ಬಿದ್ದಿದ್ದವು. ಇದ್ದ ಕೆಲಸ ಹರಿದ ಬಟ್ಟೆಯನ್ನು ಕೈಯಲ್ಲೇ ಕೂಡಿಸುವ ರಫೂ ಒಂದೇ. ಬೆಳಗಾದರೆ ಮೆಟ್ಟಿಲು, ಮಧ್ಯಾಹ್ನ ಮೆಟ್ಟಿಲು, ಸಂಜೆ ಮೆಟ್ಟಿಲು. ಏರುವುದು ಇಳಿಯುವುದು, ಆದರೆ ಎಲ್ಲಿಗೂ ಹೋಗದಿರುವುದು. ಜನ್ಮಜನ್ಮಾಂತರಗಳ ತಿರುಗಾಟವನ್ನು ವರ್ಣಿಸುವ ಪೌರಾಣಿಕರಿಗೂ ಇಂಥದೊಂದು ಉಪಮೆ ದೊರೆತಿರಲಿಲ್ಲ. ಕಾಲನ್ನು ಮುದ್ದಿಸಿ ನೋಡಿದ, ಬೈದು ನೋಡಿದ, ಭಗವಂತನಿಗೆ ಒಪ್ಪಿಸಿಯೂ ನೋಡಿದ. ಅದು ತನ್ನ ಪಾಡಿಗೆ ತಾನು ಮೆಲ್ಲನೆ ಕೂಡುತ್ತಿತ್ತು. ಅವನಿಗಾಗಿ ಅವಸರ ಪಡಲಿಲ್ಲ.

ಅವಸರಕ್ಕೆ ಕಾರಣನಾದವನು ಬೇಕರಿಯವ. ಮುಂಜಾನೆಯ ರೊಟ್ಟಿ ಬೇಯಿಸಿ ಮುಗಿಸಿ ಅದೇ ಕೆರೆಯ ದಂಡೆಗೆ ಓಡಲು ಬರುವ ಆ ಮನುಷ್ಯನಿಗೆ ರೇಡಿಯೋ ಎಂದೇ ಹೆಸರು, ಏಕೆಂದರೆ ಒಮ್ಮೆ ಶುರುವಾದರೆ ನಿಲ್ಲಿಸುವ ಗುಂಡಿಯಿರಲಿಲ್ಲ. ಅವನೊಂದು ದಿನ ಅಂಗಡಿಯ ಬಾಗಿಲಲ್ಲಿ ನಿಂತು, "ಅಲ್ಲಾ ಯಜಮಾನ್ರೇ, ನೀವು ಹುಷಾರಾಗೋ ತನಕ ಹಗ್ಗ ನಾನು ಹಿಡೀಲಾ? ನಂಗೂ ಮಾತಾಡೋಕೆ ಜನ ಬೇಕು," ಎಂದ.

"ಬೇಡ, ಇನ್ನೇನು ಮುಂದಿನ ವಾರ ನಾನೇ ಬರ್ತೀನಿ," ಎಂದುಬಿಟ್ಟ ದರ್ಜಿ. ಹೆಂಡತಿ ಸೂಜಿ ನಿಲ್ಲಿಸಿ ಅವನನ್ನೇ ನೋಡಿದಳು. ಅವನ ಮನಸ್ಸಿನಲ್ಲಿದ್ದುದು ಇಷ್ಟೇ: ಒಮ್ಮೆ ಹಗ್ಗ ಇನ್ನೊಬ್ಬನ ಕೈಗೆ ಹೋದರೆ ತಿರುಗಿ ಬರಲಾರದು. ಕತ್ತರಿ ಸೂಜಿಗಳಿಗೆ ಅವನಂಥ ದರ್ಜಿಗಳು ಊರಲ್ಲಿ ಎಷ್ಟೋ ಮಂದಿ. ಆ ಹಗ್ಗದ ತುದಿಯಲ್ಲಿ ಮಾತ್ರ ಅವನಲ್ಲದೆ ಬೇರೆಯವರಿರಲಿಲ್ಲ.

ಮುಂದಿನ ವಾರ ಮೆಟ್ಟಿಲ ಕಟಕಟೆಯನ್ನು ಕೈಯಿಂದ ಬಿಗಿಯಾಗಿ ಹಿಡಿದು ಎಡಹಿಮ್ಮಡಿಯನ್ನೆತ್ತಿ, "ನೋಡು, ಸರಿಹೋಯ್ತು," ಎಂದ.

"ಕಾಲು ಎತ್ತಿತೋ, ಕೈ ಎತ್ತಿತೋ?" ಎಂದಳು ಹೆಂಡತಿ.

"ನಿಂಗೆ ಎಲ್ಲದಕ್ಕೂ ಅನುಮಾನ."

"ರೀ, ನಿಮ್ಮ ಜೊತೆ ಇಷ್ಟು ವರ್ಷ ಕಾಜಾ ಹೊಲಿದಿದೀನಿ. ಎಲ್ಲಿ ದಾರ ಎಳೀತಿದೀರಿ ಅಂತ ಗೊತ್ತಾಗಲ್ವಾ?"

ಅವನು ಓಡಿದ. ಹಿಮ್ಮಡಿ ನೆಲಕ್ಕೂರಿದರೆ ನೋವು. ಆದ್ದರಿಂದ ಎಡಗಾಲನ್ನು ಬೆರಳುಗಳ ಮೇಲೆಯೇ ಊರಿ, ಹೆಜ್ಜೆಯನ್ನು ಚಿಕ್ಕದಾಗಿಸಿ, ಮುಖ ಮಾತ್ರ ನೆಟ್ಟಗಿಟ್ಟುಕೊಂಡು ಓಡಿದ. ಕುರುಡನ ಮುಂದೆ ಮುಖ ನೆಟ್ಟಗಿಟ್ಟು ಪ್ರಯೋಜನವೇನೆಂದು ಅವನಿಗೆ ಹೊಳೆಯಲಿಲ್ಲ. ಭಾಮೈದ ಮೊದಲ ದಿನವೇ, "ಭಾವ, ನಡೆ ಬದಲಾಗಿದೆ," ಎಂದಾಗ, "ಹೊಸ ಕ್ರಮ. ವೈದ್ಯೆ ಹೇಳಿದ್ದು. ಹೀಗೆ ಓಡಿದ್ರೆ ದಣಿವು ಕಡಿಮೆ," ಎಂದು ಬಾಯಿಗೆ ಬಂದದ್ದನ್ನು ಹೇಳಿದ. ಭಾವನ ಮಾತನ್ನು ದಾರಿಯಲ್ಲಿ ಎಂದೂ ಶಂಕಿಸದವನು ಅದನ್ನೂ ಶಂಕಿಸಲಿಲ್ಲ. ಹೊಂಡವೆಂದರೆ ಹೊಂಡ, ಹೊಸ ಕ್ರಮವೆಂದರೆ ಹೊಸ ಕ್ರಮ. ಅಂದಿನಿಂದ ಅವನ ಬಲಗಾಲೂ ಬೆರಳುಗಳ ಮೇಲೆಯೇ ಬೀಳತೊಡಗಿತು.

ಓಟದ ದಿನ ಹತ್ತಿರವಾಗುತ್ತಿರಲು, ಭಾಮೈದ ಒಂದು ಬೆಳಿಗ್ಗೆ ಹಾಸಿಗೆಯಿಂದೆದ್ದವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಬಲಗಾಲಿನ ಮೀನಖಂಡ ಕಲ್ಲಿನಂತೆ ಬಿಗಿದಿತ್ತು.

ವೈದ್ಯೆ ಅವನನ್ನು ಕೋಣೆಯ ಉದ್ದಕ್ಕೂ ನಡೆಸಿದಳು. ಅನಂತರ, ನಿಂತಲ್ಲೇ ಓಡಿಸಿದಳು. ನೋಡುತ್ತ ನೋಡುತ್ತ ಅವಳ ಹುಬ್ಬುಗಳು ಕೂಡಿದವು.

"ಈ ಥರ ಬೆರಳ ಮೇಲೆ ಓಡೋಕೆ ಯಾರು ಹೇಳಿಕೊಟ್ರು?"

"ನೀವೇ ಅಲ್ವಾ? ಹೊಸ ಕ್ರಮ ಅಂತ ಭಾವ ಹೇಳಿದ್ರು."

ಅವಳು ದರ್ಜಿಯ ಕಡೆ ತಿರುಗಿದಳು. ಮೂಲೆಯ ಕುರ್ಚಿಯಲ್ಲಿದ್ದ ದರ್ಜಿ ತನ್ನ ಎಡಗಾಲನ್ನು ಕುರ್ಚಿಯಡಿಗೆ ಎಳೆದುಕೊಂಡ. ಆ ಚಿಕ್ಕ ಸದ್ದನ್ನು ಕೇಳಿದ ಭಾಮೈದನ ಮುಖದ ಮೇಲೆ ಎಲ್ಲವೂ ಒಂದೊಂದಾಗಿ ತಿಳಿಯುತ್ತ ಹೋದುದನ್ನು ದರ್ಜಿ ಕಂಡ.

"ಭಾವ, ಇನ್ನೂ ನೋಯುತ್ತಾ?"

ದರ್ಜಿಯ ಕುರ್ಚಿ ಮತ್ತೊಮ್ಮೆ ಸದ್ದು ಮಾಡಿತು.

"ಕಣ್ಣು ಕೊಡ್ತೀನಿ ಅಂದೋರು ಕುಂಟು ಕೊಟ್ರಲ್ಲ!" ಎಂದು ಭಾಮೈದ ನಕ್ಕ. ಆ ನಗೆಯಲ್ಲಿ ನಗೆಯಿರಲಿಲ್ಲ. "ನೋವು ಅಂತ ಒಂದ್ಮಾತು ಹೇಳಿದ್ರೆ ನಾನೇನು ಹಗ್ಗ ಕಿತ್ಕೊಂಡು ಹೋಗ್ತಿದ್ನಾ?"

"ಹೋಗ್ತೀಯ ಅಂತಲೇ ಹೆದರಿದ್ದು."

ವೈದ್ಯೆ ಭಾಮೈದನ ಕಾಲನ್ನು ಒತ್ತಿ ನೋಡಿ, ಇವನದು ಹರಿದಿಲ್ಲ, ಬಿಗಿದಿದೆಯಷ್ಟೆ; ಈ ಜೊತೆಯನ್ನು ಇಂದೇ ಬಿಟ್ಟು ನೆಟ್ಟಗೆ ಓಡುವವನೊಡನೆ ಓಡಿದರೆ ನಗರದ ಓಟದ ಹೊತ್ತಿಗೆ ಸರಿಹೋದೀತು, ಎಂದಳು. ಬಿಡದಿದ್ದರೆ? "ಬಿಡದಿದ್ರೆ ಮನೇಲಿ ಎರಡು ಮೆಟ್ಟಿಲು ಬೇಕಾಗುತ್ತೆ," ಎಂದಳು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, "ತಾನು ಕೆಟ್ಟ ಕೋತಿ ವನಾನೆಲ್ಲ ಕೆಡಿಸ್ತಂತೆ," ಎಂದಷ್ಟೇ ಹೇಳಿ ಒಳಗೆ ಹೋದಳು. ದರ್ಜಿ ಮೇಜಿನ ಮುಂದೆ ಬಹಳ ಹೊತ್ತು ಕುಳಿತ. ಹರುಕನ್ನು ಮುಚ್ಚುವ ಆತುರದಲ್ಲಿ ದಾರವನ್ನು ಬಿಗಿಯಾಗಿ ಎಳೆದರೆ ಪಕ್ಕದ ಒಳ್ಳೆಯ ಬಟ್ಟೆಯೂ ಸುಕ್ಕುಗಟ್ಟುವುದೆಂಬುದು ರಫೂ ಕಲಿಯುವವನ ಮೊದಲ ಪಾಠ. ಅಷ್ಟು ವರ್ಷಗಳ ಕಸುಬು ಕೈಯಲ್ಲಿತ್ತು; ಬುದ್ಧಿಗೆ ಏರಿರಲಿಲ್ಲ. ಕೋಪ ಬಂದಿದ್ದರೆ ಹಗುರವಾಗುತ್ತಿತ್ತೇನೋ. ಬಂದದ್ದು ಆಯಾಸ ಮಾತ್ರ. ಮುಚ್ಚಿಡುವುದಕ್ಕೆ ಇಷ್ಟು ದಿನ ಎಷ್ಟು ತ್ರಾಣ ಹೋಗಿತ್ತೆಂಬುದು ಮುಚ್ಚಿಡುವುದು ನಿಂತ ಮೇಲೆ ತಿಳಿಯಿತು.

ಸಂಜೆ ಅವನೇ ಕುಂಟುತ್ತ ಬೇಕರಿಗೆ ಹೋದ.

"ಬನ್ನಿ ಬನ್ನಿ ಯಜಮಾನ್ರೇ! ಕಾಲು ಹೇಗಿದೆ? ನಿಮ್ಮ ಮುಖ ನೋಡಿದ್ರೆ..."

"ರೇಡಿಯೋ, ಸ್ವಲ್ಪ ಹೊತ್ತು ಆಫ್ ಮಾಡಿ ಕೇಳು," ಎಂದ ದರ್ಜಿ. "ಹಗ್ಗ ಬಿಗಿ ಹಿಡೀಬೇಡ, ಬೆರಳಲ್ಲಿ ತೂಗಬಿಡು. ಎಳೀಬಾರ್ದು, ತಳ್ಳಬಾರ್ದು. ಹೊಂಡ ಬಂದ ಮೇಲೆ ಹೇಳಬೇಡ, ಬರೋ ಮೊದಲು ಹೇಳು. ಒಳಗಾಲಿಗೆ ಒಳಗಾಲು. ಮತ್ತೆ ನಿನ್ನ ಕಾಲೆಲ್ಲಾದ್ರೂ ನೊಂದ್ರೆ..." ತನ್ನ ಎಡಗಾಲನ್ನೊಮ್ಮೆ ನೋಡಿಕೊಂಡ. "ನೊಂದ್ರೆ ಅವನಿಗೆ ಮೊದಲು ಹೇಳು."

ಬೇಕರಿಯವನು ಅಂದು ಒಂದು ಮಾತೂ ಆಡದೆ ತಲೆಯಾಡಿಸಿದ.

ಕಾಲು ಸಡಿಲಗೊಂಡ ಮೇಲೆ ಹೊಸ ಜೊತೆಯ ಓಟ ಮುಗಿಸಿ ಬಂದ ಭಾಮೈದ ಬಾಗಿಲಲ್ಲೇ ಕೂಗಿದ: "ಭಾವ, ಕೆರೆ ಪಕ್ಕ ಹಳದಿ ಬೆಂಚು ಇದೆಯಂತೆ! ಅದರ ಮೇಲೆ ದಿನಾ ಒಬ್ಬ ಮುದುಕ ಪೇಪರ್ ಮುಖಕ್ಕೆ ಹಾಕ್ಕೊಂಡು ನಿದ್ದೆ ಮಾಡ್ತಾನಂತೆ! ಇಷ್ಟು ವರ್ಷ ನೀವು ಹೇಳಲೇ ಇಲ್ಲ."

"ಬೆಂಚಿನ ಮೇಲೆ ಯಾರು ಓಡ್ತಾರೋ? ಹೊಂಡ ಇದ್ರೆ ಹೇಳ್ತಿದ್ದೆ."

"ಅದೂ ಸರಿ," ಎಂದು ಭಾಮೈದ ನೀರು ಕುಡಿದ. ಇನ್ನೂ ಏನೋ ಹೇಳಲಿದ್ದವನು, ಭಾವನ ದನಿಯಲ್ಲಿ ಏನನ್ನೋ ಗ್ರಹಿಸಿ ಸುಮ್ಮನಾದ. ಆ ದಾಕ್ಷಿಣ್ಯವೇ ದರ್ಜಿಗೆ ಹೆಚ್ಚು ಚುಚ್ಚಿತು. ತಾನು ಅವನಿಗೆ ಅಪಾಯಗಳನ್ನು ಮಾತ್ರ ತೋರಿಸಿದ್ದೆ, ಲೋಕವನ್ನಲ್ಲ, ಎಂದುಕೊಂಡ. ಅವನು ಒಮ್ಮೆಯೂ ಬೀಳಲಿಲ್ಲ ಎಂದೂ ತನಗೆ ತಾನೇ ಹೇಳಿಕೊಂಡ. ಎರಡೂ ನಿಜವಾಗಿದ್ದವು, ಒಂದು ಇನ್ನೊಂದನ್ನು ತೂಗಿ ಸಮಮಾಡಲಿಲ್ಲ.

ನಗರದ ಓಟದ ದಿನ ಗಂಡಹೆಂಡಿರು ದಾರಿಬದಿಯ ಒಂದು ತಿರುವಿನಲ್ಲಿ ನಿಂತರು. ಜನರ ಹಿಂಡು ಹೊಳೆಯಂತೆ ಹರಿದುಹೋಯಿತು. ಕಣ್ಣಿಗೆ ಬೀಳುವ ಮೊದಲೇ ಬೇಕರಿಯವನ ದನಿ ಕೇಳಿಸಿತು: "ಬಲಕ್ಕೆ ತಿರುವು ಬರ್ತಿದೆ, ಈಗ್ಲೇ ಅಲ್ಲ... ಮಹಡಿ ಮೇಲೆ ಒಬ್ಬಳು ತಟ್ಟೆ ಬಡೀತಿದಾಳೆ, ಅದೇ ಸದ್ದು... ಈಗ ತಿರುಗು!" ಹೆಂಡತಿ ತಮ್ಮನನ್ನು ಕೂಗಲು ಬಾಯಿ ತೆರೆದಳು. ದರ್ಜಿ ಅವಳ ತೋಳು ಹಿಡಿದ.

"ಕೂಗಬೇಡ. ತಿರುವಿನಲ್ಲಿ ಎರಡು ದನಿ ಕೇಳಿಸಿದ್ರೆ ತಬ್ಬಿಬ್ಬಾಗ್ತಾನೆ."

ಅವನು ಮುಖವನ್ನು ನೋಡಲಿಲ್ಲ, ಹಗ್ಗವನ್ನೂ ನೋಡಲಿಲ್ಲ. ಭಾಮೈದನ ಬಲಗಾಲನ್ನೇ ನೋಡಿದ. ಹಿಮ್ಮಡಿ ನೆಲಕ್ಕೆ ತಾಗಿತು, ಪಾದ ಪೂರ್ತಿ ಊರಿತು, ಬೆರಳು ಒದ್ದು ಮೇಲೆದ್ದಿತು. ಮತ್ತೆ ತಾಗಿತು, ಊರಿತು, ಎದ್ದಿತು. ತಾನು ಕೊಟ್ಟ ಕುಂಟು ಅದರಲ್ಲಿ ಎಳ್ಳಷ್ಟೂ ಉಳಿದಿರಲಿಲ್ಲ. ಭಾವ ಅಲ್ಲಿದ್ದಾನೆಂದು ಅರಿಯದೆಯೇ ಭಾಮೈದ ತಿರುವು ದಾಟಿ ಹೋದ.

"ಮುಂದೆ ನಿಮ್ಮನ್ನ ಕರೀತಾನೇನ್ರೀ?" ಎಂದಳು ಹೆಂಡತಿ, ಸ್ವಲ್ಪ ಹೊತ್ತಿನ ಮೇಲೆ.

"ಗೊತ್ತಿಲ್ಲ. ಕರೆದ್ರೆ ಕಾಲನ್ನ ಕೇಳಿ ಹೇಳ್ತೀನಿ."

"ಹೋಗೋಣ್ವಾ? ಮುಗಿಯೋ ಕಡೆ ಕಾಯ್ಬೇಕಲ್ಲ."

"ನೀನು ಹೋಗಿರು. ನನಗೆ ಅಷ್ಟು ದೂರ ಆಗಲ್ಲ. ನೋಯ್ತಿದೆ," ಎಂದ ದರ್ಜಿ, ಮತ್ತು ಎಡಗಾಲನ್ನು ಚಾಚಿಕೊಂಡು ದಾರಿಬದಿಯ ಕಲ್ಲಿನ ಮೇಲೆ ಕುಳಿತ.