ತಗಡಿನ ಮೇಲೆ ಕತ್ತರಿ

ಹೊಲಿಗೆ ಯಂತ್ರಗಳು ಒಟ್ಟಿಗೆ ಓಡತೊಡಗಿದರೆ ಆ ಕಾರ್ಖಾನೆಯಲ್ಲಿ ಪಕ್ಕದವಳು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಒಂದೇ, ತಗಡು ಹೊದಿಸಿದ ಮೇಜಿಗೆ ಕತ್ತರಿ ಬಡಿದ ಸದ್ದು. ಅದು ಸಾಲಿನ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿತ್ತು. ಬಾಗಿಲಿಗೆ ಎದುರಾಗಿ ಕೂತು, ಹೊಲಿದು ಬಂದ ಅಂಗಿಗಳಿಂದ ಜೋತುಬಿದ್ದ ದಾರ ಕತ್ತರಿಸುತ್ತಿದ್ದವಳು ಕತ್ತರಿಯಕ್ಕ. ಆ ಸದ್ದಿನ ಬೆಲೆ ಮೊದಲು ಕಂಡುಕೊಂಡವಳು ಅವಳೇ.

ಸೂಪರ್‌ವೈಸರ್‌ಗೆ ಹೆಂಗಸರು ಇಟ್ಟ ಹೆಸರು ಬೆಕ್ಕು. ಹೆಜ್ಜೆ ಸಪ್ಪಳವಿಲ್ಲದೆ ಹಿಂದಿನಿಂದ ಬಂದು, ಹೊಲಿಗೆ ನೋಡುವ ನೆಪದಲ್ಲಿ ಬಗ್ಗುವವನು. ಬಗ್ಗಿದ ಮೇಲೆ ಅವನ ಕೈ ಹೊಲಿಗೆಯ ಮೇಲಿರುತ್ತಿರಲಿಲ್ಲ. ಅವನು ಬಾಗಿಲು ದಾಟಿದನೋ, ಕತ್ತರಿಯಕ್ಕ ಮೇಜಿಗೆ ಎರಡು ಪೆಟ್ಟು ಹಾಕುವಳು. ಒಬ್ಬಳು ಬೆನ್ನನ್ನು ಕುರ್ಚಿಗೆ ಒತ್ತಿಕೊಳ್ಳುವಳು, ಒಬ್ಬಳು ಬಟ್ಟೆಯ ಗಂಟು ಮೈಗೆ ಎಳೆದುಕೊಳ್ಳುವಳು, ಇನ್ನೊಬ್ಬಳು ದಾರ ತರುವ ನೆಪ ಮಾಡಿ ಎದ್ದೇಬಿಡುವಳು.

"ನೀನು ರಜೆ ಹಾಕೋದಾದ್ರೆ ಹಾಕಕ್ಕ, ಕತ್ತರಿ ಮಾತ್ರ ಬಿಟ್ಟು ಹೋಗು. ಅದೇ ಬಡ್ಕೊಳ್ಳುತ್ತೆ," ಎನ್ನುತ್ತಿದ್ದಳು ಗುಂಡಿ ಹಚ್ಚುವವಳು, ಊಟದ ಹೊತ್ತಿನಲ್ಲಿ. ಎಲ್ಲರೂ ನಗುತ್ತಿದ್ದರು. ಕತ್ತರಿಯಕ್ಕನೂ ನಗುತ್ತಿದ್ದಳು.

ಆ ಧೈರ್ಯದ ಮೇಲೆಯೇ ಅವಳು ತಂಗಿಯ ಮಗಳನ್ನು ಅಲ್ಲಿಗೆ ತಂದು ಸೇರಿಸಿದ್ದು. ತಂಗಿ ಹಾಸಿಗೆ ಹಿಡಿದಿದ್ದಳು, ಮನೆಯ ಒಲೆ ಉರಿಯಬೇಕಾದರೆ ಹುಡುಗಿ ದುಡಿಯಬೇಕಿತ್ತು. "ನಾನಿದ್ದೀನಲ್ಲ, ನೀನು ಸುಮ್ಮನೆ ಮಲ್ಕೋ," ಎಂದಿದ್ದಳು ತಂಗಿಗೆ. ಹುಡುಗಿಯ ಕೈ ಚುರುಕು. ಕಾಲರ್ ಹೊಲಿಯುವ ಜಾಗ ಸಿಕ್ಕಿತು.

ಒಂದು ಮಧ್ಯಾಹ್ನ ಕತ್ತರಿ ಬಡಿದರೂ ಹುಡುಗಿ ಮೈ ಮುದುಡಿಕೊಳ್ಳಲಿಲ್ಲ. ಬೆಕ್ಕಿನ ಕೈ ಅವಳ ಸೊಂಟಕ್ಕೆ ಬಂತು, ಅಲ್ಲಿಂದ ಮೇಲಕ್ಕೆ ಹೋಯಿತು. ಹುಡುಗಿ ಯಂತ್ರ ನಿಲ್ಲಿಸಿ ಎದ್ದು ನಿಂತು, "ಕೈ ತೆಗೀರಿ," ಎಂದಳು. ಸಂಜೆ ಆಫೀಸಿಗೆ ಹೋಗಿ ದೂರು ಕೊಟ್ಟಳು.

"ಯಾಕೆ ಸರಿದುಕೊಳ್ಳಲಿಲ್ವೇ?" ಎಂದು ಕೇಳಿದಳು ಕತ್ತರಿಯಕ್ಕ, ದಾರಿಯಲ್ಲಿ.

"ನನ್ನ ಕುರ್ಚೀಲಿ ನಾನು ಕೂತಿದ್ದೆ ದೊಡ್ಡಮ್ಮ. ಎಲ್ಲಿಗೆ ಸರೀಲಿ?"

ಆಮೇಲೆ ಶುರುವಾಯಿತು ಹುಡುಗಿಗೆ ಕಾಟ. ಕಾಲರ್‌ನಿಂದ ಎಬ್ಬಿಸಿ ಇಸ್ತ್ರಿ ಕೋಣೆಯ ಹಬೆಗೆ ತಳ್ಳಿದರು. ಅವಳು ಇಸ್ತ್ರಿ ಮಾಡಿದ್ದೆಲ್ಲ ಸುಕ್ಕು ಎಂದು ತಿರುಗಿ ಬಂತು. ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಆಳು ನಿಂತ. ಹಬೆ ತಾಕಿ ಕೈಯೆಲ್ಲ ಬೊಬ್ಬೆ ಎದ್ದಾಗ, "ಕೆಲಸ ಬರದಿದ್ರೆ ಮನೇಲಿರು," ಎಂದರು. ಹುಡುಗಿ ಅದನ್ನೂ ದೂರಿಗೆ ಸೇರಿಸಿದಳು.

ವಿಚಾರಣೆ ಅಂತಾಯಿತು. ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಹೋಗಿ, "ನಾನು ನೋಡ್ಲಿಲ್ಲ," ಎಂದು ಹೇಳಿ ಇಳಿದು ಬಂದರು. ಅವರ ಮೇಲೆ ಕತ್ತರಿಯಕ್ಕನಿಗೆ ಸಿಟ್ಟು ಬರಲಿಲ್ಲ. ಅವರಿಗೂ ಮನೆಗಳಿದ್ದವು. ಉಳಿದವಳು ತಾನೊಬ್ಬಳೇ.

"ಕಂಡಷ್ಟು ಹೇಳು ದೊಡ್ಡಮ್ಮ, ಸಾಕು," ಎಂದಿದ್ದಳು ಹುಡುಗಿ.

ಮೇಲಿನ ಕೋಣೆ ತಣ್ಣಗಿತ್ತು. ಮೇಜಿನ ಆಚೆ ಮ್ಯಾನೇಜರ್, ಕಂಪನಿಯ ವಕೀಲ, ಹೊರಗಿನಿಂದ ಕರೆಸಿದ್ದ ಒಬ್ಬಳು ಮೇಡಂ. ಹುಡುಗಿ ಗೋಡೆ ಪಕ್ಕದಲ್ಲಿ. ಕತ್ತರಿಯಕ್ಕ ಕಂಡದ್ದನ್ನು ಹೇಳಿದಳು, ಮೇಡಂ ಬರೆದುಕೊಂಡಳು. ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು.

"ನೀವು ಕೂರೋದು ಅಷ್ಟು ದೂರ," ಎಂದ ವಕೀಲ, ಮೆತ್ತಗೆ. "ದಾರ ಕತ್ತರಿಸೋದು ಬಿಟ್ಟು ಅಲ್ಲಿಗ್ಯಾಕೆ ನೋಡ್ತಿದ್ರಿ?"

ಎಲ್ಲಿ ತನ್ನನ್ನು ಸುಳ್ಳಿ ಅಂದುಕೊಂಡಾರೋ ಎಂದು ಅವಳಿಗೆ ಗಾಬರಿಯಾಯಿತು. "ನಾನು ಯಾವಾಗ್ಲೂ ನೋಡ್ತಿರ್ತೀನಿ ಸಾರ್. ಅವರು ಬಂದ ಕೂಡ್ಲೇ ಕತ್ತರಿ ಬಡೀತೀನಿ. ಎಲ್ರೂ ಹುಷಾರಾಗ್ತಾರೆ. ಅವರು ಕೆಲಸಕ್ಕೆ ಸೇರಿದಾಗಿನಿಂದ ಹೀಗೇನೆ."

ಹುಡುಗಿ ಕಣ್ಣು ಮುಚ್ಚಿಕೊಂಡಳು.

"ಅಂದ್ರೆ ಸೂಪರ್‌ವೈಸರ್ ಬಂದ್ರೆ ನೀವೆಲ್ಲ ಗುಟ್ಟಾಗಿ ಸನ್ನೆ ಮಾಡ್ಕೊಳ್ತೀರಿ." ವಕೀಲ ಮೇಡಂ ಕಡೆ ತಿರುಗಿದ. "ಇದನ್ನೂ ಬರ್ಕೊಳ್ಳಿ. ಇವರು ಮೊದಲಿನಿಂದ ಅವರ ಮೇಲೆ ಗುಂಪು ಕಟ್ಟಿದಾರೆ. ಈ ಹುಡುಗಿ ಇವರ ಸ್ವಂತ ತಂಗಿ ಮಗಳು. ಗುಂಪಿಗೆ ತಂದು ಸೇರಿಸಿದೋರೂ ಇವರೇ."

"ಹಾಗಲ್ಲ ಸಾರ್..."

ಮೇಡಂ ಪೆನ್ನು ಕೆಳಗಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಮ್ಮಾ, ಇಷ್ಟು ಕಾಲ ಬಡಿದ್ರಲ್ಲ. ಒಂದು ಸಲ ಇಲ್ಲಿಗೆ ಬಂದು ಹೇಳ್ಬಾರದಿತ್ತಾ?"

ಬಂದು ಹೇಳಿದವಳು ಗೋಡೆ ಪಕ್ಕದಲ್ಲೇ, ಬೊಬ್ಬೆಯ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅವಳನ್ನು ತೋರಿಸಿದ್ದರೆ ಸಾಕಿತ್ತು. ಕತ್ತರಿಯಕ್ಕನಿಗೆ ಅದು ಹೊಳೆದದ್ದು ಮೆಟ್ಟಿಲಿಳಿದ ಮೇಲೆ.

ದೂರು ಬಿದ್ದುಹೋಯಿತು. ಗುಂಪುಗಾರಿಕೆ ಎಂದು ಹೇಳಿ ಹುಡುಗಿಯನ್ನು ಕೆಲಸದಿಂದ ತೆಗೆದರು. ಕತ್ತರಿಯಕ್ಕನನ್ನು ಉಳಿಸಿಕೊಂಡರು. ಅವಳಿಂದ ಅವರಿಗೆ ಉಪಕಾರವೇ ಆಗಿತ್ತಲ್ಲ.

ಅವಳು ತಂಗಿಯ ಮನೆಗೆ ಹೋದಾಗ ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

"ಬಡಿಯೋ ವಿಷಯ ಯಾಕೆ ಎತ್ತಿದೆ ದೊಡ್ಡಮ್ಮ?"

"ನಂಬ್ತಾರೆ ಅಂದ್ಕೊಂಡೆ ಮಗಳೇ."

"ನಂಬಿದ್ರಲ್ಲ," ಎಂದಳು ಹುಡುಗಿ.

"ಯಾರೇ ಅದು, ಅಕ್ಕನಾ? ಒಳಗೆ ಬಾ ಅನ್ನು," ಎಂದು ತಂಗಿಯ ದನಿ ಕೇಳಿತು. ಹುಡುಗಿ ಬಾಗಿಲಿನಿಂದ ಸರಿಯಲಿಲ್ಲ.

ಕಾರ್ಖಾನೆಯಲ್ಲಿ ಎಲ್ಲ ಮೇಜುಗಳ ತಗಡಿನ ಮೇಲೆ ದಪ್ಪ ರಬ್ಬರ್ ಹಾಳೆ ಅಂಟಿಸಿದ್ದರು. ಊಟದ ಹೊತ್ತಿಗೆ ಯಾರೂ ಪಕ್ಕಕ್ಕೆ ಬಂದು ಕೂರಲಿಲ್ಲ. "ಇದ್ದ ಒಂದು ಕಿವೀನೂ ಕಿತ್ಕೊಟ್ಟು ಬಂದ್ಲು," ಎಂದಳು ಗುಂಡಿ ಹಚ್ಚುವವಳು, ಕೇಳಲಿ ಎಂದೇ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕಾಲರ್ ಜಾಗಕ್ಕೆ ಹೊಸಬಳು ಬಂದಿದ್ದಳು. ಇನ್ನೂ ಸೂಜಿಗೆ ಹೆದರುವ ಹುಡುಗಿ, ಕತ್ತು ತಗ್ಗಿಸಿದರೆ ಎತ್ತುತ್ತಿರಲಿಲ್ಲ.

ಬಾಗಿಲಲ್ಲಿ ಬೆಕ್ಕು ಕಾಣಿಸಿದ. ಕತ್ತರಿಯಕ್ಕನ ಕೈ ತಾನಾಗಿಯೇ ಎದ್ದು ಎರಡು ಪೆಟ್ಟು ಹಾಕಿತು. ಹಾಕಿದವಳಿಗೇ ಅದು ಕೇಳಲಿಲ್ಲ. ಅವಳು ಎದ್ದು ನಿಂತು ಕೂಗಿದಳು. ಹತ್ತಿರದ ಇಬ್ಬರು ಅವಳ ಬಾಯಿ ತೆರೆದದ್ದನ್ನು ನೋಡಿ, ಮತ್ತೆ ಹೊಲಿಗೆಗೆ ತಲೆ ತಗ್ಗಿಸಿದರು. ಬೆಕ್ಕು ಅವಳ ಕಡೆ ನೋಡಿ, ಕೂರು ಎಂಬಂತೆ ಕೈ ಮಾಡಿ, ನಿಧಾನವಾಗಿ ಕಾಲರ್‌ನವಳ ಹಿಂದಕ್ಕೆ ಹೋಗಿ ಬಗ್ಗಿದ.

ಕತ್ತರಿಯಕ್ಕ ಕೂತಳು. ಮುಂದೆ ಬಂದು ಬಿದ್ದಿದ್ದ ಅಂಗಿಯನ್ನು ಎತ್ತಿಕೊಂಡು ದಾರ ಹುಡುಕಿದಳು.