ಎಡಗಡೆಯ ಮುನಿಸು

ಬಡಗಿಯ ಹೆಂಡತಿಗೆ ಗಂಡನ ಲಕ್ವಕ್ಕಿಂತ ಅವನ ಮುನಿಸೇ ಹೆಚ್ಚು ಸುಡುತ್ತಿತ್ತು. "ಊರಿನವರ ಬಾಗಿಲೆಲ್ಲ ಸರಿಮಾಡ್ತೀರಿ, ನಮ್ಮನೆ ಕಪಾಟಿನ ಗತಿ ನೋಡಿ. ಇನ್ನು ನನ್ನ ಹತ್ರ ಮಾತಾಡಬೇಡಿ!" ಎಂದು ಅವಳು ಸಿಡುಕಿದ್ದು ಬೆಳಿಗ್ಗೆ. ಸಂಜೆಗೆ ಅವನ ಎಡಭಾಗ ಬಿದ್ದುಹೋಯಿತು. ಅಂದಿನಿಂದ ಆ ಸೋತ ಕೈಯನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯಲ್ಲೇ ಕೂತಿದ್ದಾಳೆ. ಅವನೋ, ಬಲಗಡೆ ಕೂತ ಮಗಳ ಜೊತೆ ನಗುನಗುತ್ತಾ ಹರಟುತ್ತಾನೆ. "ಅಮ್ಮ ಇಲ್ಲೇ ಇದ್ದಾಳೆ ಅಪ್ಪಾ" ಎಂದರೂ ಇತ್ತ ತಿರುಗುವುದಿಲ್ಲ. ಮೂಗಿನ ತುದಿಯ ಕೋಪಕ್ಕೆ ಮಾತ್ರ ಲಕ್ವ ಹೊಡೆಯುವುದಿಲ್ಲ ನೋಡಿ!

ಅವನ ನೆನಪು, ಗಮನ, ಲೆಕ್ಕ ಹೇಗಿವೆಯೆಂದು ಪರೀಕ್ಷಿಸಲು ಥೆರಪಿಸ್ಟ್ ಹುಡುಗಿ ಬಂದಳು. ವಾರ ಯಾವುದೆಂದು ಕೇಳಿದ್ದಕ್ಕೆ ಹೆಂಡತಿ ಬಾಯಿ ಹಾಕಿದಳು.

"ಅಮ್ಮಾ, ಪರೀಕ್ಷೆ ಅವರಿಗೆ, ನಿಮಗಲ್ಲ."

ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಅವನು ವಾರ ಹೇಳಿದ, ಲೆಕ್ಕವನ್ನೂ ಪಟಪಟನೆ ಒಪ್ಪಿಸಿದ. ಆಮೇಲೆ ಹಾಳೆಯ ತುಂಬ ಚದುರಿದ ಗೆರೆಗಳನ್ನೆಲ್ಲ ಹೊಡೆದುಹಾಕಬೇಕಿತ್ತು. ಬಲಗಡೆಯವನ್ನು ಒಂದೂ ಬಿಡದೆ ಹೊಡೆದು ಪೆನ್ಸಿಲ್ ಕೆಳಗಿಟ್ಟ.

"ಮುಗೀತು."

ಅರ್ಧ ಹಾಳೆ ಹಾಗೇ ಉಳಿದಿತ್ತು. ಹೆಂಡತಿ ಬಗ್ಗಿ ಹಾಳೆಯನ್ನೇ ನೋಡಿದಳು. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ಮನುಷ್ಯ!

ಹುಡುಗಿ ಅವಳನ್ನು ಬಾಗಿಲ ಹತ್ತಿರ ಕರೆದಳು. "ಕಣ್ಣಿಗೇನೂ ಆಗಿಲ್ಲಮ್ಮ. ಎಡಗಡೆ ಅನ್ನೋದು ಒಂದಿದೆ ಅಂತಲೇ ಅವರ ಮಿದುಳಿಗೆ ಹೊಳೀತಿಲ್ಲ, ಆ ಕಡೆಯಿಂದ ಬರೋ ಮಾತೂ ಗಮನಕ್ಕೆ ಬರಲ್ಲ. ತಟ್ಟೇಲಿ ಅರ್ಧ ಊಟ ಬಿಡ್ತಾರಲ್ಲ, ಅದೂ ಇದಕ್ಕೇ. ಸದ್ಯಕ್ಕೆ ಬಲಗಡೆಯಿಂದ ಮಾತಾಡಿಸಿ. ನಿಧಾನವಾಗಿ ಎಡಕ್ಕೆ ಕರೆಯೋದನ್ನ ನಾನು ಕಲಿಸ್ತೀನಿ."

"ಹಾಗಾದ್ರೆ ನಾನು ಇಷ್ಟು ದಿನ ಕೂತಿದ್ದು..."

"ಎಡಗಡೆ."

"ಎಂಥ ಎಡವಟ್ಟಮ್ಮ ಇದು!" ಎಂದಳು. ನಗು ಬಂತು, ಅಳುವೂ ಬಂತು. ಬಿದ್ದ ಕೈಗೆ ಆಸರೆ ಬೇಕೆಂದು ಅಲ್ಲಿ ಕೂತವಳು, ಪಾಪ, ಲೆಕ್ಕಕ್ಕೇ ಸಿಕ್ಕಿರಲಿಲ್ಲ.

ಮಂಚ ಸುತ್ತಿ ಬಲಗಡೆ ಬಂದು ನಿಂತಳು. ಮಾತಾಡಿಸಲು ಹೆದರಿಕೆ. ಇದೆಲ್ಲ ಕಾಯಿಲೆಯಲ್ಲದೆ ನಿಜವಾದ ಕೋಪವೇ ಆಗಿದ್ದರೆ?

"ಏನೂಂದ್ರೆ..."

ಅವನು ತಲೆ ಎತ್ತಿದ. ಮುಖವೆಲ್ಲ ಅರಳಿತು.

"ಅಂತೂ ಬಂದ್ಯಾ! ಅಮ್ಮ ಇಲ್ಲೇ ಇದ್ದಾಳೆ ಅಂತ ಮಗಳು ದಿನಾ ಸಮಾಧಾನ ಮಾಡ್ತಿದ್ಲು. ನಿನ್ನ ಕೋಪ ನನಗೆ ಗೊತ್ತಿಲ್ವಾ? ಇಳೀತಾ ಈಗ?"

ಇಷ್ಟು ದಿನದ ನಿದ್ದೆಗೇಡು, ಸಂಕಟ ಎಲ್ಲ ಅವಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

"ಹೂಂ ಕಣ್ರೀ, ಈಗ ತಾನೇ ಬಂದೆ" ಎಂದಳು.